ಹಿಂದಿನ ಸೀಟಿನವರು ಏಳಬೇಡಿ

ಬಸ್ಸು ನಿಂತುಹೋದ ಮೇಲೂ ಮುಂದಿನ ಗಾಜಿನ ಮೇಲೆ ವೈಪರ್ ಆಡುತ್ತಲೇ ಇತ್ತು. ಆ ದಿನದ್ದು ಏನೇ ನೆನಪಾದರೂ ಮೊದಲು ಕಣ್ಣಿಗೆ ಬರುವುದು ಅದು. ಅತ್ತ ಹೋಗಿ ಇತ್ತ ಬರುವ ಒಂದು ಕಪ್ಪು ಕಡ್ಡಿ. ಅದರ ಹಿಂದೆ, ರಸ್ತೆ ಇರಬೇಕಾದ ಜಾಗದಲ್ಲಿ, ಕೆಂಚು ನೀರು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಕೋಣೆಯಲ್ಲಿ ಒಬ್ಬನೇ ಇದ್ದೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಬಾಡಿಗೆಗೆ ಹಿಡಿದ ಕೋಣೆ, ಓದು ಮುಗಿದರೂ ಬಿಟ್ಟಿರಲಿಲ್ಲ. ಸಂಜೆ ರೈಲು ಹತ್ತಿ ಮೈಸೂರಿಗೆ ಹೋಗಿ ಲೈಬ್ರರಿಯಲ್ಲಿ ಕೂತು ಕಾಯಂ ಕೆಲಸದ ಪರೀಕ್ಷೆಗೆ ಓದಿಕೊಳ್ಳಬಹುದಲ್ಲ ಎಂಬುದು ನೆಪ. ಹಗಲಿಗೆ ನಾಗಮಂಗಲದ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವ ಅರೆಕಾಲಿಕ ಕೆಲಸ. ವರ್ಷ ವರ್ಷವೂ ಹೊಸದಾಗಿ ಕರೆಯಬೇಕು, ಕರೆಯದೆಯೂ ಇರಬಹುದು, ಅಂಥ ಕೆಲಸ. ಬೆಳಿಗ್ಗೆ ಒಂದು ಖಾಸಗಿ ಬಸ್ಸು ಶ್ರೀರಂಗಪಟ್ಟಣ ಬಿಟ್ಟು, ಪಾಂಡವಪುರದಲ್ಲಿ ಚಹಾ ಕುಡಿಯುವಷ್ಟು ಹೊತ್ತು ನಿಂತು, ಊರು ಕಳೆದ ಮೇಲೆ ದೊಡ್ಡ ನಾಲೆಯ ಸೇತುವೆ ದಾಟಿ ನಾಗಮಂಗಲಕ್ಕೆ ಹೋಗುತ್ತಿತ್ತು. ಅದರಲ್ಲಿ ಹೋದರೆ ಮೊದಲ ಗಂಟೆಯ ಪಾಠಕ್ಕೆ ಸರಿಯಾಗುತ್ತಿತ್ತು. ಅದು ತಪ್ಪಿದರೆ ಮುಂದಿನ ಬಸ್ಸಿಗೆ ಬಹಳ ಹೊತ್ತು ಕಾಯಬೇಕು.

ಅವತ್ತು ಆಷಾಢದ ಸೋನೆ ಮಳೆ. ನಾಲೆಗೆ ನೀರು ಬಿಟ್ಟು ಕೆಲವು ದಿನಗಳಾಗಿದ್ದವು, ಏರಿಯ ಅಂಚಿನವರೆಗೂ ತುಂಬಿ ಹರಿಯುತ್ತಿತ್ತು. ಮುಂದಿನ ಸೀಟುಗಳೆಲ್ಲ ಹೆಂಗಸರದು. ನಾನು ಎಂದಿನಂತೆ ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಕಿಟಕಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಬೆಲ್ಲದ ವ್ಯಾಪಾರಿಯೊಬ್ಬ, ಒಂದೂವರೆ ಸೀಟು ತುಂಬುವ ಆಳು. ಆ ಸೀಟಿನಲ್ಲಿ ನಾವಿಬ್ಬರೇ. ಸೇತುವೆಯ ಮೇಲೆ ಎದುರಿನಿಂದ ಕಬ್ಬಿನ ಟ್ರಾಕ್ಟರು ಬಂತು. ಡ್ರೈವರು ಪಕ್ಕಕ್ಕೆ ತಿರುಗಿಸಿದ. ಮೊದಲು ಹೋದ ಟ್ರಾಕ್ಟರುಗಳು ಚೆಲ್ಲಿದ್ದ ಕೆಸರಿನ ಮೇಲೆ ಬಸ್ಸು ಜಾರಿತು. ಸದ್ದೇನೂ ದೊಡ್ಡದಾಗಲಿಲ್ಲ. ಮೋಟುಗೋಡೆ ಒಡೆದು ಕಲ್ಲುಗಳು ನೀರಿಗೆ ಬಿದ್ದವು, ಮುಂದಿನ ಚಕ್ರಗಳು ಗೋಡೆಯಾಚೆ ಗಾಳಿಯಲ್ಲಿ ನಿಂತವು, ಬಸ್ಸಿನ ಹೊಟ್ಟೆ ಉಳಿದ ಗೋಡೆಯ ಮೇಲೆ ಕೂತುಕೊಂಡಿತು. ಮೂತಿ ಸ್ವಲ್ಪ ಕೆಳಗೆ ವಾಲಿತು. ಹಿಂದೆ ಕೂತಿದ್ದ ನಮಗೆ ಇಡೀ ಬಸ್ಸು ಇಳಿಜಾರಾಗಿ ಕಾಣತೊಡಗಿತು, ಅದರ ತುದಿಯಲ್ಲಿ ವೈಪರ್ ಆಡುವ ಗಾಜು, ಗಾಜಿನ ತುಂಬ ನೀರು.

ಹಿಂಬಾಗಿಲಲ್ಲಿದ್ದ ಕಂಡಕ್ಟರು ಕೆಳಗೆ ಹಾರಿ ಒಮ್ಮೆ ನೋಡಿ ಮತ್ತೆ ಮೆಟ್ಟಿಲು ಹತ್ತಿದ. ಇಪ್ಪತ್ತೈದು ದಾಟಿರದ, ತೆಳ್ಳಗಿನ ಆಳು. ದನಿ ಏರಿಸದೆಯೇ ಹೇಳಿದ.

"ಯಾರೂ ಗಲಾಟೆ ಮಾಡ್ಬ್ಯಾಡಿ. ಮುಂದ್ಗಡೆಯೋರು ಒಬ್ಬೊಬ್ರೇ ಹಿಂದ್ಕೆ ಬಂದು ಇಳೀರಿ. ಹಿಂದ್ಗಡೆ ಸೀಟ್ನೋರು ಏಳ್ಬ್ಯಾಡಿ. ನೀವ್ ಎದ್ರೆ ಬಸ್ಸೂ ಎದ್ಬುಡ್ತದೆ."

ಅರ್ಥವಾಯಿತು. ಹಿಂದೆ ಕೂತಿದ್ದವರು ಭಾರ. ನಾವು ಕೂತಿದ್ದರೆ ಬಸ್ಸು ಕೂತಿರುತ್ತದೆ. ಬಾಗಿಲು ನನ್ನಿಂದ ಎರಡು ಮಾರು ದೂರದಲ್ಲಿತ್ತು, ಇಡೀ ಬಸ್ಸಿನಲ್ಲಿ ಬಾಗಿಲಿಗೆ ಹತ್ತಿರ ಇದ್ದವರು ನಾವೇ, ಕೊನೆಗೆ ಇಳಿಯಬೇಕಾದವರೂ ನಾವೇ. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಗಂಡಸರು ಓಡಿಬಂದು ಟಾಪಿಗೆ ಹತ್ತುವ ಹಿಂದಿನ ಏಣಿಗೆ ಜೋತುಬಿದ್ದರು. ಒಳಗೆ ಹೆಂಗಸರು ಸೀಟು ಸೀಟು ಹಿಡಿದು ಮೇಲಕ್ಕೆ ಹತ್ತುವವರಂತೆ ಬಂದರು. ಒಬ್ಬಾಕೆ ಮಗುವನ್ನು ಸೆರಗಿನಲ್ಲಿ ಬಿಗಿದುಕೊಂಡಿದ್ದಳು. ಒಬ್ಬ ಮುದುಕಿ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ನಮ್ಮನ್ನು ದಾಟಿ ಇಳಿಯುವಾಗ ಯಾರೂ ನಮ್ಮ ಮುಖ ನೋಡಲಿಲ್ಲ. ಅವರ ಕಣ್ಣೆಲ್ಲ ಬಾಗಿಲ ಮೇಲಿತ್ತು. ಒಬ್ಬೊಬ್ಬರು ಇಳಿದಾಗಲೂ ಬಸ್ಸು ಒಮ್ಮೆ ಕಿರುಗುಟ್ಟುತ್ತಿತ್ತು.

ಬೆಲ್ಲದ ವ್ಯಾಪಾರಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡಿದ್ದ. "ನಮ್ಮನೇಲಿ ದಿನಾ ಬಯ್ತಾಳೆ ಕಣಪ್ಪ, ಮೈ ಬಂದ್ಬುಟ್ಟದೆ ಅಂತ. ಈವತ್ತು ನೋಡ್ಬೇಕಾಗಿತ್ತು ಅವ್ಳು," ಎಂದ.

ಕೊನೆಗೆ ಡ್ರೈವರು ತನ್ನ ಸೀಟಿನಿಂದ ತೆವಳಿ ಮೇಲೆ ಬಂದ. ಆಗ ಒಳಗೆ ಮೂವರೇ. ಬಸ್ಸಿನಲ್ಲಿ ಸಾಲು ಸಾಲು ಖಾಲಿ ಸೀಟು. "ಒಟ್ಗೆ ಇಳಿಯವಾ," ಎಂದ ವ್ಯಾಪಾರಿ. ಒಟ್ಟಿಗೇ ಇಳಿದೆವು. ಬಸ್ಸು ಬೀಳಲಿಲ್ಲ.

ಟ್ರಾಕ್ಟರಿಗೇ ಹಗ್ಗ ಬಿಗಿದು ಬಸ್ಸನ್ನು ಹಿಂದಕ್ಕೆ ಎಳೆದರು. ಯಾರೋ ಚಹಾ ತಂದರು. ವ್ಯಾಪಾರಿಯನ್ನು ಹೆಂಗಸರೆಲ್ಲ ಹೊಗಳಿದರು, ಅವನು ನಾಚಿಕೊಂಡ. ನಗು ಎದ್ದಿತು. ನಾನೂ ನಕ್ಕೆ. ಮರುದಿನ ಅದೇ ಬಸ್ಸು ಅದೇ ಹೊತ್ತಿಗೆ ಕೋಟೆಯ ಮುಂದೆ ಬಂದು ನಿಂತಿತು. ಒಡೆದ ಮೋಟುಗೋಡೆಗೆ ಮುಳ್ಳು ಕೊಂಬೆ ಅಡ್ಡ ಇಟ್ಟು, ಆಮೇಲೆ ಹೊಸ ಸಿಮೆಂಟು ಮೆತ್ತಿದರು. ಯಾರಿಗೂ ಏನೂ ಆಗಿರಲಿಲ್ಲ.

ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ಏನೂ ಆಗಿರಲಿಲ್ಲ.

ಮರುದಿನ ಬಸ್ಸು ಪಾಂಡವಪುರ ದಾಟುವವರೆಗೂ ಸರಿಯಾಗಿಯೇ ಇದ್ದೆ. ನಾಲೆ ಏರಿಯ ಮೇಲಿನ ಮರಗಳು ದೂರದಿಂದ ಕಾಣುತ್ತಲೂ ಅಂಗೈ ಬೆವರಿತು, ಕಿವಿಯಲ್ಲಿ ಗುಂಯ್ ಎಂದಿತು, ಸುತ್ತಲಿನವರ ಮಾತು ದೂರ ಸರಿಯಿತು. ಮಳೆ ಇರಲಿಲ್ಲ, ವೈಪರ್ ನಿಂತೇ ಇತ್ತು. ಆದರೂ ನನಗೆ ಅದು ಆಡುತ್ತಿರುವುದು ಕಂಡಿತು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಇಳಿಯಬೇಕು ಎಂದೆ. ಇಲ್ಯಾಕೆ ಸಾ, ಎಂದ ಕಂಡಕ್ಟರು. ಯಾರನ್ನೋ ನೋಡಬೇಕು ಎಂದೆ. ಸೇತುವೆಗೆ ಮೊದಲು ಇಳಿಸಿ ಬಸ್ಸು ಹೋಯಿತು. ನಾನು ಸೇತುವೆಯ ಮೇಲೆ ನಡೆದು ದಾಟಿದೆ. ನಡೆಯುವಾಗ ಏನೂ ಆಗಲಿಲ್ಲ. ಗೋಡೆಗೆ ಒರಗಿ ನೀರು ನೋಡಿದೆ, ಆಗಲೂ ಏನೂ ಆಗಲಿಲ್ಲ. ಕಾಲೇಜು ಮುಟ್ಟುವ ಹೊತ್ತಿಗೆ ನನ್ನ ಗಂಟೆ ಮುಗಿದಿತ್ತು.

ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ. ಕಂಡಕ್ಟರು ಕೇಳುವುದನ್ನು ಬಿಟ್ಟು ನಗತೊಡಗಿದ. ನಾಲೆಯ ಹತ್ತಿರದ ಹಳ್ಳಿಯಲ್ಲಿ ನನಗೊಂದು ಹೆಣ್ಣು ನೋಡಿದ್ದಾರೆಂದು ಬಸ್ಸಿನಲ್ಲಿ ಮಾತು ಹುಟ್ಟಿತು. ಆ ಮಾತೇ ಮೇಲಾಗಿತ್ತು ಅನ್ನಿಸುತ್ತಿತ್ತು, ನಿಜ ಹೇಳುವುದಕ್ಕಿಂತ.

ನಿಜ ಹೇಳಿದ್ದು ಒಬ್ಬನಿಗೇ. ಕೆ.ಆರ್. ಪೇಟೆಯಲ್ಲಿ ನನ್ನ ಜೊತೆ ಶಾಲೆಗೆ ಬಂದವನು, ಅಕ್ಕಸಾಲಿಗರ ಮನೆಯವನು. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಸಣ್ಣ ಅಂಗಡಿ ಇತ್ತು. ಓಲೆಗೆ ಬೆಸುಗೆ ಹಾಕುತ್ತ, ಊದುಕೊಳವೆ ಬಾಯಿಂದ ತೆಗೆದು ತೆಗೆದು ಮಾತಾಡುವ ಅಭ್ಯಾಸ ಅವನದು. ನಾನು ಹೇಳಿದ್ದನ್ನೆಲ್ಲ ಕೇಳಿದ.

"ಲೇ, ಯಾರಾನಾ ಸತ್ತಿದ್ರೆ ಅಳ್ಬೋದಾಗಿತ್ತು. ಕೈಕಾಲ್ ಮುರ್ಕಂಡಿದ್ರೆ ಹಣ್ಣು ತಗಂಡೋಗಿ ನೋಡ್ಕಂಡ್ ಬರ್ಬೋದಾಗಿತ್ತು," ಎಂದ. "ಏನೂ ಆಗ್ದೆ ಇರೋದ್ಕೆ ಏನ್ಲಾ ಮಾಡದು?"

ಗೇಲಿ ಮಾಡಲು ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನೀರು ಇಳಿಯಲಿ, ಬೇಸಿಗೆಗೆ ಸರಿಹೋಗುತ್ತದೆ ಎಂದ. ಒಂದು ಭಾನುವಾರ ತನ್ನ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಸೇತುವೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿಸಿದ. ಹಾಯಾಗಿ ಕೂತಿದ್ದೆ. "ನೋಡ್ದಾ, ಏನೂ ಇಲ್ಲ ನಿಂಗೆ," ಎಂದ. ಸೋಮವಾರ ಬಸ್ಸಿನಲ್ಲಿ ಮತ್ತೆ ಎದ್ದು ನಿಂತೆ.

ಆಮೇಲಾಮೇಲೆ ನನಗೇ ತಿಳಿಯತೊಡಗಿತು. ನಾನು ಹೆದರುತ್ತಿದ್ದದ್ದು ನೀರಿಗಲ್ಲ, ಸೇತುವೆಗೂ ಅಲ್ಲ. ಏಳಬಾರದು ಎಂದು ಕೂತಿರುವುದಕ್ಕೆ. ಸುಮ್ಮನೆ ಕೂತಿರುವುದೇ ಕೆಲಸವಾಗಿ, ಬೇರೆಯವರು ಒಬ್ಬೊಬ್ಬರೇ ದಾಟಿ ಹೋಗುತ್ತಿರುವಾಗ, ಉದ್ದನೆಯ ಖಾಲಿ ಬಸ್ಸಿನ ತುದಿಯಲ್ಲಿ ಆ ಗಾಜು ನೋಡುತ್ತ ಕೂತಿರುವುದಕ್ಕೆ. ಇದನ್ನು ತಿಳಿದುಕೊಂಡೂ ಉಪಯೋಗವಾಗಲಿಲ್ಲ. ಸೇತುವೆ ಹತ್ತಿರ ಬಂದಾಗ ಕಾಲುಗಳು ನನ್ನ ತಿಳಿವಳಿಕೆಯನ್ನು ಕೇಳುತ್ತಿರಲಿಲ್ಲ.

ಊರಿಗೆ ಹೋದಾಗ ಅವ್ವನಿಗೆ ಹೇಗೋ ಗೊತ್ತಾಯಿತು, ಗೆಳೆಯನೇ ಹೇಳಿರಬೇಕು. ಬೆಚ್ಚಿದ್ದಾನೆ ಎಂದಳು ಅವ್ವ. ಮಕ್ಕಳು ಬೆಚ್ಚಿದರೆ ಮಾಡುವುದನ್ನೇ ನನಗೂ ಮಾಡಿದಳು. ಒಲೆಯಲ್ಲಿ ಕುಡುಗೋಲು ಕೆಂಪಗೆ ಕಾಯಿಸಿ ಚೊಂಬಿನ ನೀರಿಗೆ ಅದ್ದಿದಳು, ಚೊಂಯ್ ಎಂದ ನೀರನ್ನು ಕುಡಿಸಿದಳು. ಕಬ್ಬಿಣದ ರುಚಿ ನಾಲಗೆಯ ಮೇಲೆ ಬಹಳ ಹೊತ್ತು ಇತ್ತು. ಮೇಲುಕೋಟೆಗೆ ಹೋದವರ ಕೈಲಿ ದಾರ ತರಿಸಿ ತೋಳಿಗೆ ಕಟ್ಟಿದಳು. ಆಮೇಲೆ ಹೊಲದ ಕಡೆ ನೋಡುತ್ತ, ಇಲ್ಲಿಂದಲೇ ನಾಗಮಂಗಲಕ್ಕೆ ನೇರ ಬಸ್ಸಿದೆ, ಆ ದಾರೀಲಿ ಈ ನಾಲೆ ಅಡ್ಡ ಬರುವುದಿಲ್ಲ, ಮನೆಗೇ ಬಂದುಬಿಡು, ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಕೋಟೆಯೊಳಗಿನ ಆ ಕೋಣೆ, ಸಂಜೆಯ ರೈಲು, ಕಾಯಂ ಕೆಲಸದ ಆಸೆ, ಎಲ್ಲವನ್ನೂ ಒಂದು ಸೇತುವೆಗೆ ಒಪ್ಪಿಸಿ ಬರುವುದೆಂದರೆ ಸೋತಂತೆ ಎಂದು ನನಗೆ ಅನ್ನಿಸುತ್ತಿತ್ತು. ಸೋಲು ಎಂಬ ಮಾತು ನನಗೆ ದಿನಾ ಬಾಯಲ್ಲಿರುವ ಮಾತು. ತರಗತಿಯಲ್ಲಿ ನಾನು ಹೇಳುತ್ತಿದ್ದದ್ದೇ ಅದು, ಇಂಥವರು ಗೆದ್ದರು, ಇಂಥವರು ಸೋತರು. ಸೋತವರ ಕಥೆ ಆ ಸಾಲಿಗೆ ಮುಗಿಯುತ್ತಿತ್ತು. ನಾನಿದ್ದದ್ದೇ ಒಂದು ಸೋತ ಕೋಟೆಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಒಡೆದ ಗೋಡೆಯ ಪಕ್ಕದಲ್ಲೇ ನಡೆಯುತ್ತಿದ್ದೆ. ಒಮ್ಮೆ ಸೋತರೆ ಆಮೇಲೆ ಉಳಿಯುವುದು ಗೈಡುಗಳು ತೋರಿಸುವ ಕಲ್ಲು ಮಾತ್ರ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

ಬೇಸಿಗೆ ಬಂತು. ನಾಲೆ ಒಣಗಿತು. ತಳದಲ್ಲಿ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು. ನೀರಿಲ್ಲದ ನಾಲೆ ಇನ್ನೂ ಆಳ ಕಂಡಿತು. ಆಗಲೂ ಇಳಿದೆ.

ಪ್ರಿನ್ಸಿಪಾಲರು ಒಳ್ಳೆಯವರು. ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಪಾಠ ಚೆನ್ನಾಗಿದೆ ಎನ್ನುತ್ತಾರೆ ಹುಡುಗರು, ಆದರೆ ಪಾಠಕ್ಕೆ ನೀವೇ ಇರುವುದಿಲ್ಲವಲ್ಲ. ವಾರ್ಷಿಕ ಪರೀಕ್ಷೆಗೆ ಮೇಲ್ವಿಚಾರಕರಾಗಿ ಹಾಕಿದ್ದೇನೆ, ಮೊದಲ ದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಇದ್ದರೆ ಮುಂದಿನ ವರ್ಷಕ್ಕೂ ನಾನು ಮಾತಾಡಬಹುದು. ಅವರು ಕಾರಣ ಕೇಳಲಿಲ್ಲ.

ಇದಕ್ಕೂ ಮುಂಚಿನ ಬಸ್ಸಿಗೆ ಹೋಗಿ ಮೊದಲೇ ಸೇತುವೆ ನಡೆದು ದಾಟೋಣವೆಂದರೆ ಅಷ್ಟು ಬೆಳಿಗ್ಗೆ ಬೇರೆ ಬಸ್ಸಿರಲಿಲ್ಲ. ಊರಿನ ದಾರಿಯಿಂದಲೋ ಗೆಳೆಯನ ಮೊಪೆಡ್ಡಿನ ಮೇಲೋ ಹೋಗುವುದೂ ನನಗೆ ಸೋಲೇ ಅನ್ನಿಸಿತು. ಪರೀಕ್ಷೆಯ ದಿನ ಗೆಳೆಯ ಅಂಗಡಿ ತೆರೆಯದೆ ಪಾಂಡವಪುರದಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಬಂದು ಕೂತ. ಬಾಗಿಲ ಕಡೆಗೆ ಅವನು, ಕಿಟಕಿಯ ಕಡೆಗೆ ನಾನು. ತೋಳಿನಲ್ಲಿ ತೋಳು ಹಾಕಿ ಬಿಗಿಯಾಗಿ ಹಿಡಿದುಕೊಂಡ. ಕಣ್ಣು ಮುಚ್ಚಿಕೋ ಎಂದ. ಶಾಲೆಯ ದಿನಗಳ ಏನೇನೋ ಕಥೆ ತೆಗೆದ, ಒಬ್ಬ ಮೇಷ್ಟರ ಸೈಕಲ್ಲಿನ ಗಾಳಿ ಬಿಟ್ಟದ್ದು, ಸಿಕ್ಕಿಬಿದ್ದದ್ದು. ನಾನು ನಗುತ್ತಲೂ ಇದ್ದೆ. ರಸ್ತೆ ಏರಿತು. ಏರಿಯ ಮೇಲೆ ಬಸ್ಸು ಬಂದಾಗ ಎಂಜಿನ್ನಿನ ಸದ್ದು ಬದಲಾಗುತ್ತದೆ, ಆ ಸದ್ದು ಕಣ್ಣು ಮುಚ್ಚಿಕೊಂಡವನಿಗೂ ಗೊತ್ತಾಗುತ್ತದೆ. ನಾನು ಅವನನ್ನು ಎದೆಗೆ ಮೊಣಕೈಯಿಟ್ಟು ತಳ್ಳಿ ಎದ್ದೆ. ನಿಲ್ಲಿಸಿ ಎಂದು ಕೂಗಿದ್ದು ನನ್ನ ದನಿಯಂತೆ ಇರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಬಸ್ಸು ಸೇತುವೆಯ ಬಾಯಲ್ಲೇ ನಿಂತಿತು.

ಗೆಳೆಯ ಬಾಯಿಗೆ ಕೈಯಿಟ್ಟು ಒರೆಸಿಕೊಂಡ. ನನ್ನ ಮೊಣಕೈ ಅಲ್ಲಿಗೂ ತಾಗಿತ್ತು. "ಬುಡ್ಲಾ," ಎಂದ, ಬಹಳ ಮೆತ್ತಗೆ. "ನಿನ್ ಕೈಲಿ ಆಗಕಿಲ್ಲ. ಸುಮ್ಕೆ ಒಪ್ಕಬುಡು."

ನಾನು ಇಳಿದೆ. ಅವನು ಇಳಿಯಲಿಲ್ಲ. ನಾನೇ ಬೇಡವೆಂದೆ ಎಂದು ನೆನಪು. ಬಸ್ಸು ಸೇತುವೆ ದಾಟಿ ಹೋಗುವಾಗ ಹಿಂದಿನ ಗಾಜಿನಲ್ಲಿ ಅವನ ಮುಖ ನನ್ನ ಕಡೆ ತಿರುಗಿಯೇ ಇತ್ತು. ಆಮೇಲೆ ಧೂಳು ಮಾತ್ರ.

ಆ ರಸ್ತೆಯ ಮೇಲೆ ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಮುಂದೆ ನಡೆದರೂ ಪರೀಕ್ಷೆಯ ಹೊತ್ತಿಗೆ ತಲುಪುವಂತಿರಲಿಲ್ಲ, ಹಿಂದೆ ಹೋದರೆ ಯಾವುದಕ್ಕೆ ಹೋಗಬೇಕೋ ತಿಳಿಯಲಿಲ್ಲ. ಏರಿಯ ಮೇಲೆ, ಸೇತುವೆಯ ಪಕ್ಕದಲ್ಲಿ, ಎದೆಯೆತ್ತರದ ಒಂದು ಚಪ್ಪಟೆ ಕಲ್ಲಿತ್ತು. ತಲೆಹೊರೆಯವರು ಹೊರೆ ಇಳಿಸಿಕೊಳ್ಳಲು ಹಿಂದೆ ಯಾರೋ ನಿಲ್ಲಿಸಿದ್ದು. ಅದರ ಮೇಲೆ ಹಸಿ ಹುಲ್ಲಿನ ಹೊರೆ, ಅದರ ಬುಡದಲ್ಲಿ ಕಾಲು ಚಾಚಿ ಕೂತ ಒಬ್ಬ ಮುದುಕಿ. ಎಲೆಅಡಿಕೆ ಜಗಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಿದ್ದಳೋ.

"ಸೋತೋಗಿದ್ದೀಯೇನಪ್ಪಾ?" ಎಂದಳು.

ಎದೆಗೆ ಬಂದು ತಾಗಿತು ಆ ಮಾತು. ಇವಳಿಗೂ ಗೊತ್ತಾಗಿಹೋಯಿತೇ ಎಂದುಕೊಂಡೆ. ಹೌದು, ಸೋತೆ, ಎಂದೆ. ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಸೋತೋರು ನಿಂತಿದ್ರೆ ಆಯ್ತದಾ? ಬಾ, ಕುಂತ್ಕೊ. ನಾನೂ ದಿನಾ ಇಲ್ಲೇ ಸೋಲದು."

ಆಗ ಗೊತ್ತಾಯಿತು. ಆಕೆ ಕೇಳಿದ್ದು ಸುಸ್ತಾಯಿತೇ ಎಂದು. ನಮ್ಮ ಕಡೆ ಹಾಗೇ ಹೇಳುವುದು. ಕಾಲು ಸೋತವು, ಕೈ ಸೋತವು, ಎತ್ತು ಸೋತಿದೆ ಬಿಚ್ಚಿ ಕಟ್ಟು. ಚಿಕ್ಕಂದಿನಿಂದ ಕೇಳಿದ ಮಾತು, ಅವ್ವ ದಿನಕ್ಕೆ ಹತ್ತು ಸಲ ಆಡುವ ಮಾತು. ಓದಿಗೆ ಬಿದ್ದ ಮೇಲೆ ಆ ಅರ್ಥ ನನ್ನೊಳಗೆ ಎಲ್ಲಿ ಕಳೆದುಹೋಗಿತ್ತೋ. ನಾನು ಕೂತೆ. ಆಕೆ ನನಗೆ ಬೇರೇನೂ ಹೇಳಲಿಲ್ಲ. ಯಾವೂರು ಎಂದಳು, ಕೆ.ಆರ್. ಪೇಟೆ ಕಡೆಯೆಂದೆ. ಅಲ್ಲಿ ಅವಳ ತಂಗಿಯನ್ನು ಕೊಟ್ಟಿತ್ತಂತೆ, ತಂಗಿ ತೀರಿಕೊಂಡಳಂತೆ, ಆಮೇಲೆ ಆ ಕಡೆ ಹೋಗಿಲ್ಲವಂತೆ. ಹುಲ್ಲು ಯಾವ ಗದ್ದೆಯದು, ಹಸು ಎಷ್ಟು ಹಾಲು ಕೊಡುತ್ತದೆ, ಸೊಸೆ ಯಾಕೆ ಮಾತು ಬಿಟ್ಟಿದ್ದಾಳೆ ಎಂದೆಲ್ಲ ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಅಳುತ್ತಿದ್ದೆ. ಆಕೆ ಅದನ್ನು ನೋಡಿಯೂ ನೋಡದವಳಂತೆ ನಾಲೆಯ ಕಡೆ ಮುಖ ಮಾಡಿ ಉಗುಳಿದಳು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, ಇನ್ನೂ ಹೊರಡುವುದಿಲ್ಲವೇ ಎಂದು.

"ಎತ್ತೋರು ಬೇಡ್ವಾ? ಇಳ್ಸಾಕ್ ಕಲ್ಲದೆ. ಎತ್ತಾಕ್ ಒಬ್ರು ಬೇಕು. ಯಾರಾನಾ ಬರೋಗಂಟ ಕುಂತಿರ್ತೀನಿ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂದು ಸುಸ್ತು ಆರಿದ್ರೆ ವಸಿ ಕೈ ಹಾಕು," ಎಂದಳು.

ಕೈ ಹಾಕಿದೆ. ಹೊರೆ ನಾನು ತಿಳಿದದ್ದಕ್ಕಿಂತ ಭಾರವಾಗಿತ್ತು. ಅದನ್ನು ತಲೆಯ ಮೇಲೆ ಸರಿಮಾಡಿಕೊಂಡು ಆಕೆ ಸೇತುವೆಯ ಮೇಲೆ ಹೊರಟಳು. ನಾನು ಸ್ವಲ್ಪ ದೂರದಲ್ಲಿ ಹಿಂದೆಯೇ ನಡೆದೆ. ಆಚೆ ಬದಿಯಲ್ಲಿ ಆಕೆ ಗದ್ದೆಯ ದಾರಿಗೆ ಇಳಿದಳು, ತಿರುಗಿ ನೋಡಲಿಲ್ಲ. ತಲೆಯ ಮೇಲೆ ಹೊರೆ ಇದ್ದವರು ತಿರುಗಿ ನೋಡುವುದಿಲ್ಲ.

ಅವತ್ತು ಪರೀಕ್ಷೆಯ ಕೋಣೆಗೆ ಬೇರೆ ಯಾರನ್ನೋ ಹಾಕಿದ್ದರು. ಪ್ರಿನ್ಸಿಪಾಲರು ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೇ. ಅದು ಏನೆಂದು ನನಗೆ ಆಗಲೇ ತಿಳಿದಿತ್ತು. ಆದರೂ ಮೇಲ್ವಿಚಾರಣೆಯ ದಿನಗಳು ಇನ್ನೂ ಉಳಿದಿದ್ದವು, ಬೇರೆಯವರಿಗೆ ನೆರವಾಗಲು ಹೋಗುತ್ತಲೇ ಇದ್ದೆ. ಮರುದಿನ ಬಸ್ಸು ಹತ್ತುವಾಗಲೇ ಕಂಡಕ್ಟರಿಗೆ ಹೇಳಿಬಿಟ್ಟೆ. ಬಸ್ಸು ಗೋಡೆ ಒಡೆದ ದಿನದಿಂದ ನನಗೆ ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಕೂರಲು ಆಗುತ್ತಿಲ್ಲ, ಹೆದರಿಕೆ, ದಿನಾ ಅಲ್ಲಿ ಇಳಿಸಿಬಿಡು. ಅವನು ನಗುತ್ತಾನೆ ಎಂದುಕೊಂಡಿದ್ದೆ. ಟಿಕೆಟ್ಟಿನ ಕಟ್ಟನ್ನು ಅಂಗೈಗೆ ಬಡಿದುಕೊಂಡ.

"ಮೊದ್ಲೇ ಹೇಳ್ಬಾರ್ದಾಗಿತ್ತಾ ಸಾ," ಎಂದ. "ಅವತ್ತಿನ ಡ್ರೈವರು ಈ ರೂಟ್ನೇ ಬುಟ್ಟೋದ. ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ನಾನು ಡ್ರೈವರನ ಕಡೆ ನೋಡಿಯೇ ಇರಲಿಲ್ಲ. ಇಷ್ಟು ತಿಂಗಳು ನನ್ನಂತೆ ಇನ್ನೊಬ್ಬನಿದ್ದ, ಎಲ್ಲಿದ್ದಾನೋ, ಅವನೂ ಯಾರಿಗೂ ಹೇಳದೆ. ಬೆಲ್ಲದ ವ್ಯಾಪಾರಿಯೂ ಹಾಗೇ ಇದ್ದನೋ ಏನೋ. ಅವನನ್ನು ನಾನು ಮತ್ತೆ ಕಾಣಲಿಲ್ಲ.

ಆಮೇಲೆ ಒಂದು ಏರ್ಪಾಟು ತಾನಾಗಿ ಆಯಿತು. ಸೇತುವೆಗೆ ಮೊದಲು ನನ್ನನ್ನು ಇಳಿಸಿ, ಆಚೆ ಬದಿಯಲ್ಲಿ ಹಳ್ಳಿಯವರು ಹತ್ತುವ ಜಾಗದಲ್ಲಿ ಕಂಡಕ್ಟರು ಬಸ್ಸನ್ನು ತುಸು ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದ. ನಾನು ಬಿರಬಿರನೆ ನಡೆದು ಮತ್ತೆ ಹತ್ತುತ್ತಿದ್ದೆ. ಬಸ್ಸಿಗೆ ಹೊತ್ತಾದ ದಿನ ಅವನು ಕಾಯುತ್ತಿರಲಿಲ್ಲ, ಅದನ್ನೂ ಮೊದಲೇ ಹೇಳಿದ್ದ. ಬಸ್ಸಿನವರಿಗೆ ಇದೊಂದು ತಮಾಷೆ. "ಮೇಷ್ಟ್ರು ಇಳೀತಾವ್ರೆ, ಹಿಂದ್ಗಡೆ ಹಗುರಾಯ್ತದೆ, ಎಲ್ರೂ ಹುಷಾರಾಗಿ ಕುಂತ್ಕಳಿ," ಎನ್ನುವರು. ಆ ಮಾತಿಗೆ ನಗು ಬರಲು ನನಗೆ ಕೆಲವು ದಿನ ಬೇಕಾಯಿತು.

ಆದರೆ ಬಿಟ್ಟಿರಲಿಲ್ಲ ನಾನು. ಕೆಲವು ದಿನ ಮೊದಲೇ ಏಳದೆ ನೋಡುತ್ತಿದ್ದೆ. ಒಂದು ದಿನ ಮೈಲಿಗಲ್ಲಿನವರೆಗೆ ಕೂತೆ. ಇನ್ನೊಂದು ದಿನ ಮರಗಳವರೆಗೆ. ಒಮ್ಮೆ ಸೇತುವೆಯ ಮೊದಲ ಮೋಟುಗೋಡೆ ಕಿಟಕಿಯಲ್ಲಿ ಕಾಣುವವರೆಗೂ. ಮಾರನೆಯ ದಿನ ಪಾಂಡವಪುರದ ಸ್ಟ್ಯಾಂಡಿನಲ್ಲೇ ಇಳಿದುಬಿಟ್ಟೆ. ಮೊದಲು ಇಂಥ ದಿನ ಕೋಣೆಗೆ ಬಂದು ಗೋಡೆ ನೋಡುತ್ತ ಮಲಗುತ್ತಿದ್ದೆ. ಈಗ ಗೆಳೆಯನ ಅಂಗಡಿಗೆ ಹೋಗಿ ಇವತ್ತು ಸೋತೆ ಎನ್ನುತ್ತಿದ್ದೆ. ಅವನು ಊದುಕೊಳವೆ ತೆಗೆಯದೆಯೇ ಸ್ಟೂಲು ತೋರಿಸುತ್ತಿದ್ದ. ಅವನ ತುಟಿಯ ಮೇಲಿನ ಗಾಯ ಮಾಗಿತ್ತು. ಅವತ್ತಿನದನ್ನು ನಾವಿಬ್ಬರೂ ಎತ್ತಲಿಲ್ಲ.

ಮಳೆಗಾಲಕ್ಕೆ ಕಾಲೇಜು ತೆರೆದಾಗ ನನ್ನನ್ನು ಕರೆಯಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ. ಕೋಣೆ ಖಾಲಿ ಮಾಡುವ ದಿನ ಕರಿಘಟ್ಟದ ಗುಡ್ಡದ ಕಡೆ ಮೋಡ ಕವಿದಿತ್ತು. ಪುಸ್ತಕದ ಪೆಟ್ಟಿಗೆ, ಚಾಪೆ, ಸೀಮೆಎಣ್ಣೆ ಸ್ಟೌ. ಅಷ್ಟು ವರ್ಷಕ್ಕೆ ಅಷ್ಟೇ. ಕೆ.ಆರ್. ಪೇಟೆಯಲ್ಲಿ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವ ದೂರ. ಅವ್ವನಿಗೆ ನೆಮ್ಮದಿ. ಸೇತುವೆ ದಾಟುವ ಅಗತ್ಯ ಇನ್ನಿರಲಿಲ್ಲ. ಮುಗಿಯಿತಲ್ಲ ಬುಡು ಎಂದರು ಎಲ್ಲರೂ. ಆದರೆ ಬೋರ್ಡಿನ ಕಡೆ ತಿರುಗಿ ಒರೆಸುವಾಗ, ಡಸ್ಟರು ಅತ್ತಿಂದಿತ್ತ ಆಡುವಾಗ, ನನ್ನ ಕೈ ನಿಂತುಹೋಗುತ್ತಿತ್ತು. ಮನೆತುಂಬ ಜನರಿದ್ದರೂ ಆ ಖಾಲಿ ಬಸ್ಸಿನಲ್ಲಿ ಒಬ್ಬನೇ ಕೂತಿರುತ್ತಿದ್ದೆ.

ಒಂದು ರಜೆಯ ದಿನ ಪಾಂಡವಪುರಕ್ಕೆ ಹೋಗಿ ಗೆಳೆಯನಿಗೆ ಹೇಳಿದೆ, ನಾಗಮಂಗಲದ ಬಸ್ಸು ಹತ್ತುತ್ತೇನೆ ಎಂದು.

"ಅಲ್ಲೇನ್ ಕೆಲ್ಸ ಇಟ್ಟಿದ್ದೀಯ ಈಗ?"

ಏನೂ ಇಲ್ಲ ಎಂದೆ.

"ನಾನ್ ಬರಕಿಲ್ಲ ಕಣ್ಲಾ," ಎಂದ. "ಹಲ್ಲು ಬೇಕು ನಂಗೆ." ಆಮೇಲೆ ಬಸ್ಸಿನವರೆಗೂ ಬಂದು ಏಣಿಗೆ ಕೈಯಿಟ್ಟುಕೊಂಡು ನಿಂತಿದ್ದ, ಬಸ್ಸು ಹೊರಡುವವರೆಗೂ.

ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಕೂತೆ. ನಾಲೆಗೆ ನೀರು ಬಿಟ್ಟಿದ್ದರು. ಮರಗಳು ಬಂದವು. ಅಂಗೈ ಬೆವರಿತು, ಕಿವಿ ಗುಂಯ್ ಎಂದಿತು, ಎಲ್ಲ ಮೊದಲಿನ ಹಾಗೆಯೇ. ಇದು ಹೋಗುವುದಿಲ್ಲ, ಇದೂ ಜೊತೆಗೆ ಬರುತ್ತದೆ ಎಂದು ಅವತ್ತು ಒಪ್ಪಿಕೊಂಡೇ ಕೂತಿದ್ದೆ. ಎಂಜಿನ್ನಿನ ಸದ್ದು ಬದಲಾಯಿತು. ಕಣ್ಣು ಮುಚ್ಚಲಿಲ್ಲ. ಮುಂದಿನ ಗಾಜಿನಲ್ಲಿ ರಸ್ತೆಯೇ ಇತ್ತು, ರಸ್ತೆಯ ಮೇಲೆ ಒಂದು ಕುರಿಮರಿ ಅಡ್ಡ ಹೋಯಿತು. ಹೊಸ ಸಿಮೆಂಟು ಮೆತ್ತಿದ ಜಾಗ ಕಿಟಕಿಯಲ್ಲಿ ಬಂತು, ಅದಾಗಲೇ ಪಾಚಿ ಕಟ್ಟಿ ಹಳೆಯ ಗೋಡೆಯ ಬಣ್ಣಕ್ಕೆ ತಿರುಗುತ್ತಿತ್ತು. ಬಂತು, ಹೋಯಿತು. ಬಸ್ಸು ಇಳಿಜಾರಿಗೆ ಇಳಿಯಿತು. ಏನೂ ಆಗಲಿಲ್ಲ. ಪಕ್ಕದಲ್ಲಿದ್ದವನು ಸಮಯ ಎಷ್ಟೆಂದು ಕೇಳಿದ, ನನಗೆ ಗಡಿಯಾರ ಓದಲು ಆಗಲಿಲ್ಲ, ಕೈಯನ್ನೇ ಅವನ ಮುಂದೆ ಹಿಡಿದೆ.

ನಾಗಮಂಗಲದಲ್ಲಿ ಮಾಡುವುದಕ್ಕೇನೂ ಇರಲಿಲ್ಲ. ಕಾಲೇಜಿನ ಗೇಟಿನವರೆಗೆ ಹೋಗಿ ಬಂದೆ. ಒಂದು ಹೋಟೆಲಿನಲ್ಲಿ ಕಾಫಿ ಕುಡಿದೆ. ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಹೋಟೆಲಿನವನಿಗೆ ಹೇಳೋಣವೆನ್ನಿಸಿತು, ಏನೆಂದು ಹೇಳುವುದು? ಬಸ್ಸಿನಲ್ಲಿ ಬಂದೆ ಎಂದೇ?

ಮಧ್ಯಾಹ್ನ ಹಿಂತಿರುಗುವ ಬಸ್ಸಿನಲ್ಲಿ ಹಳೆಯ ಕಂಡಕ್ಟರೇ ಇದ್ದ. ಬೆಳಗಿನ ಬಸ್ಸಿನ ಕಂಡಕ್ಟರನ ಬಾಯಲ್ಲಿ ನಾನು ಕೂತೇ ದಾಟಿದ ಸುದ್ದಿ ಕೇಳಿದ್ದ. ನಕ್ಕು ನನಗೆ ಟಿಕೆಟ್ಟು ಹರಿದುಕೊಟ್ಟ. ಸೋನೆ ಮಳೆ ಶುರುವಾಗಿತ್ತು. ಡ್ರೈವರು ವೈಪರ್ ಹಾಕಿದ. ಆ ಕಪ್ಪು ಕಡ್ಡಿ ಅತ್ತ ಹೋಗಿ ಇತ್ತ ಬರತೊಡಗಿತು. ಸೇತುವೆ ಈ ಕಡೆಯಿಂದ ಹತ್ತಿರ ಬರುತ್ತಿದ್ದ ಹಾಗೆ ನನ್ನ ಕಾಲುಗಳು ತಾವಾಗಿ ಎದ್ದವು.

"ಹೋಗ್ವಾಗ ಕುಂತಿದ್ರಂತಲ್ಲ ಸಾ," ಎಂದ ಕಂಡಕ್ಟರು.

"ಈಗ ಸೋತೆ ಕಣಪ್ಪ," ಎಂದೆ.

ಅವನು ಸೀಟಿ ಊದಿದ. ನಾನು ಇಳಿದು ಮಳೆಯಲ್ಲೇ ಸೇತುವೆಯ ಮೇಲೆ ನಡೆದು ಆಚೆ ಬದಿಯ ಕಲ್ಲಿನ ಹತ್ತಿರ ಬಂದೆ. ಮುದುಕಿ ಇರಲಿಲ್ಲ. ಕಲ್ಲಿನ ಮೇಲೆ ಹಸಿ ಹುಲ್ಲಿನ ನಾಲ್ಕು ಎಸಳು ಅಂಟಿಕೊಂಡಿದ್ದವು. ಅದರ ಬುಡದಲ್ಲಿ ಕೂತೆ. ಬಸ್ಸು ತುಸು ದೂರದಲ್ಲಿ ನಿಂತಿತ್ತು, ಕಂಡಕ್ಟರು ಬಾಗಿಲಲ್ಲಿ ಒಂದು ಕೈ ಚಾಚಿ ಮಳೆ ನೋಡುತ್ತಿದ್ದ. ಬೇಗ ಬನ್ನಿ ಎಂದು ಅವನು ಕೂಗಲಿಲ್ಲ. ಉಸಿರು ಹದಕ್ಕೆ ಬರುವವರೆಗೂ ಕೂತಿದ್ದೆ. ಆಮೇಲೆ ಎದ್ದೆ.